ಹಳದಿ ಕಳಿಸಿದರೆ ಹಸಿರು

ಉದಗೀರ
6 ಫೆಬ್ರುವರಿ 2025, ಗುರುವಾರ

ಗುರುಲಿಂಗ ಅವರಿಗೆ ಸುಗಂಧಾಳ ಶರಣು.

ನಾನು ಇಲ್ಲಿ ಆರಾಮ ಇದ್ದೇನೆ. ನೀವು ಉಮರಗಾದಲ್ಲಿ ಆರಾಮ ಇದ್ದೀರೆಂದು ಮೊನ್ನೆ ಮಂಗಳವಾರ ಅತ್ತೆಯವರ ಬಾಯಿಂದಲೇ ಕೇಳಿ ಬಂದಿದ್ದೇನೆ. ಆದ್ದರಿಂದ ಆ ಮಾತು ಬಿಟ್ಟು ಕೆಲಸದ ಮಾತಿಗೆ ಬರುತ್ತೇನೆ.

ನಿನ್ನೆ ಫೋನಿಗೆ ನಿಮ್ಮ ಸಂದೇಶ ಬಂತು. ಕಳೆದ ಜೂನಿನಿಂದ ಬೇರೆ ಊರಲ್ಲಿರುವ ಹೆಂಡತಿಗೆ ಗಂಡ ಬರೆದ ಸಂದೇಶದಲ್ಲಿ ಇದ್ದದ್ದು ಎರಡೇ ಪ್ರಶ್ನೆ. ಒಂದು, ನಾನು ತೊಗರಿ ಖರೀದಿಗೆ ಲೋಹಾರಾಕ್ಕೆ ಹೋದ ದಿನವೇ ನೀನು ಮನೆಗೆ ಯಾಕೆ ಬಂದಿದ್ದೆ? ಇನ್ನೊಂದು, ದೀಪಕ್ಕೆ ಯಾವ ಚಿಪ್ ಕೊಳ್ಳಲಿ? ಎರಡನೆಯದಕ್ಕೆ ಉತ್ತರ ನನಗೆ ಚೆನ್ನಾಗಿ ಗೊತ್ತು, ಅದನ್ನೇ ಮೊದಲು ಬರೆಯುತ್ತೇನೆ. ಅದು ತಿಳಿದರೆ ಮೊದಲನೆಯದೂ ತಿಳಿದೀತು.

ಇಷ್ಟಕ್ಕೆ ಕಾಗದ ಯಾಕೆ, ಅದೂ ಕನ್ನಡದಲ್ಲಿ ಯಾಕೆ ಎಂದು ನೀವು ಹುಬ್ಬು ಏರಿಸಿರುತ್ತೀರಿ. ನಾವು ಮನೆಯಲ್ಲಿ ಕನ್ನಡ ಆಡುತ್ತೇವೆ, ಫೋನಿನಲ್ಲಿ ಮರಾಠಿ ಬರೆಯುತ್ತೇವೆ. ನೀವು ಮರಾಠಿ ಶಾಲೆಯವರು, ನಾನು ಭಾಲ್ಕಿಯ ಕನ್ನಡ ಶಾಲೆಯವಳು. ಮದುವೆಯಾದ ವರ್ಷ ನಾನು ಕಲಿಸಿದ ಅಕ್ಷರ ನಿಮಗೆ ಇನ್ನೂ ನೆನಪಿವೆ ಎಂದುಕೊಂಡಿದ್ದೇನೆ. ಮರಾಠಿಯನ್ನು ನೀವು ಗೋಡೆಯ ಜಾಹೀರಾತಿನ ಹಾಗೆ ಕಣ್ಣು ಓಡಿಸಿ ಮುಗಿಸುತ್ತೀರಿ. ಕನ್ನಡವನ್ನು ಒಂದೊಂದೇ ಅಕ್ಷರ ಕೂಡಿಸಿ, ತುಟಿ ಅಲ್ಲಾಡಿಸಿ ಓದುತ್ತೀರಿ. ಈ ಕಾಗದ ಹಾಗೆ ಓದಬೇಕಾದದ್ದು. ಒತ್ತಕ್ಷರ ಬಂದಲ್ಲಿ ನಿಂತುಕೊಳ್ಳಿ, ಅಂಗಡಿಯಲ್ಲಿ ಗಿರಾಕಿ ಇದ್ದರೆ ಮೊದಲು ಅವರನ್ನು ಕಳಿಸಿ.

ಯಾವುದೇ ದುರಸ್ತಿಗೆ ಮೊದಲು ನಡೆದದ್ದನ್ನು ನಡೆದ ಹಾಗೆ ಹೇಳಬೇಕು, ಹೇಳುತ್ತೇನೆ. ಸಂಕ್ರಾಂತಿಯ ಮರುದಿನ ಕಂಡಕ್ಟರ್ ಕೈಯಲ್ಲಿ ನಿಮ್ಮ ಪಾರ್ಸಲ್ ಬಂತು. ಮೇಲೆ ಎಳ್ಳಿನ ಉಂಡೆ, ಕೆಳಗೆ ತುಪ್ಪದ ಬಿಳಿ ಡಬ್ಬಿಯಲ್ಲಿ ಮಾಡಿದ ಒಂದು ದೀಪ. ಅಂಥದ್ದೇ ಇನ್ನೊಂದು ನಿಮ್ಮ ಹತ್ತಿರ ಇದೆ, ಎರಡೂ ಇಂಟರ್ನೆಟ್ಟಿನಿಂದ ಕೂಡಿವೆ, ಒಂದನ್ನು ಮುಟ್ಟಿದರೆ ಇನ್ನೊಂದು ಬೆಳಗುತ್ತದೆ ಎಂದು ಚೀಟಿ ಇಟ್ಟಿದ್ದಿರಿ. ಹಳದಿ ಅಂದರೆ ಆರಾಮ ಇದ್ದೇನೆ. ಹಸಿರು ಅಂದರೆ ಬಾ. ಚೀಟಿಯಲ್ಲಿ ಮತ್ತೇನೂ ಇರಲಿಲ್ಲ. ಉಂಡೆ ಚೆನ್ನಾಗಿದ್ದವು, ಬೆಲ್ಲ ತುಸು ಹೆಚ್ಚಾಗಿತ್ತು.

ದೀಪವನ್ನು ಕಿಟಕಿಯಲ್ಲಿ ಇಟ್ಟೆ. ಮರುದಿನ ಮುಂಜಾನೆಯೇ ಹಸಿರಾಯಿತು. ಅದರ ಮರುದಿನ ಹಳದಿ, ಆಮೇಲೆ ಮತ್ತೆ ಹಸಿರು. ಒಮ್ಮೊಮ್ಮೆ ಅರ್ಧ ಹಳದಿ, ಅರ್ಧ ಹಸಿರು. ಒಂದು ದಿನ ಕೆಂಪು ಕೂಡ ಆಯಿತು, ಕೆಂಪಿಗೆ ನೀವು ಅರ್ಥವನ್ನೇ ಬರೆದಿರಲಿಲ್ಲ. ನಾನು ಬಾಡಿಗೆಗಿರುವ ಮನೆಯ ಪ್ರೇಮಾಬಾಯಿಯವರಿಗೆ ಇದರ ಗುಟ್ಟು ಹೇಳಿದ್ದೇ ತಪ್ಪಾಯಿತು. ಹಸಿರು ಕಂಡಾಗೆಲ್ಲ ಅವರು ಬಾಗಿಲಲ್ಲಿ ನಿಂತು, ಯಜಮಾನ್ರು ಕರೀಲತ್ತಾರ, ನೀವು ಹಿಂಗ ಕುಂತ್ರ ಹ್ಯಾಂಗ್ರೀ ಬಾಯಿ, ಎಂದು ಶುರು ಮಾಡುತ್ತಿದ್ದರು. ನಾನು ಕಾಲೇಜಿಗೆ ಹೊತ್ತಾಯಿತೆಂದು ತಪ್ಪಿಸಿಕೊಳ್ಳುತ್ತಿದ್ದೆ.

ಯಾಕೆ ಬರಲಿಲ್ಲ ಎಂದು ಕೇಳಿದರೆ, ನನಗೆ ಲೆಕ್ಕ ಹತ್ತಲಿಲ್ಲ. ಶ್ರಾವಣದಲ್ಲಿ ನನ್ನ ಕಪಾಟನ್ನು ಖಾಲಿ ಮಾಡಿದವರು ಸಂಕ್ರಾಂತಿಗೆ ಬಾ ಎಂದು ಯಾಕೆ ಕರೆಯುತ್ತಾರೆ? ಕಪಾಟಿನ ವಿಷಯ ಆಮೇಲೆ ಬರೆಯುತ್ತೇನೆ, ಅದು ಬೇರೆಯೇ ದುರಸ್ತಿ. ಆಗ ಅನಿಸಿದ್ದು ಇಷ್ಟು: ಇಂಥವರು ನಿಜವಾಗಿ ಕರೆಯುತ್ತಿರಲಾರರು, ದೀಪವೇ ಕೆಟ್ಟಿರಬೇಕು. ಡಬ್ಬಿ ಬಿಚ್ಚಿ ನೋಡಿದೆ.

ಬೆಸುಗೆ ಚೆನ್ನಾಗಿದೆ. ನನಗಿಂತ ಚೆನ್ನಾಗಿದೆ ಎಂದು ಬರೆಯಲು ಮನಸ್ಸಿಲ್ಲ, ಆದರೂ ಬರೆದಿದ್ದೇನೆ. ತಪ್ಪು ಇರುವುದು ಚಿಪ್ಪಿನಲ್ಲಿ. ನೀವು ಹಾಕಿದ ವೈಫೈ ಬೋರ್ಡು ಮಾತಾಡುವುದು ಮೂರು ಪಾಯಿಂಟ್ ಮೂರು ವೋಲ್ಟಿನಲ್ಲಿ. ದೀಪದ ಪಟ್ಟಿ ಐದು ವೋಲ್ಟಿನದು, ಅದಕ್ಕೆ ಮೂರೂವರೆ ಮುಟ್ಟಿದರೆ ಮಾತ್ರ ಹೌದು ಎಂಬುದು ಕೇಳಿಸುತ್ತದೆ. ನಡುವಿನ ಚಿಪ್ ತುಂಬಬೇಕಾದ ಕೊರತೆ ತೀರಾ ಸಣ್ಣದು. ಅದಕ್ಕೇ ಒಮ್ಮೆ ಕೇಳಿಸುತ್ತದೆ, ಒಮ್ಮೆ ಇಲ್ಲ, ಅತ್ತೆಯವರ ಎಡಗಿವಿಯ ಹಾಗೆ. ಪೂರ್ತಿ ಕೇಳಿಸದಿದ್ದರೆ ಅನುಕೂಲವಿತ್ತು, ಕೆಟ್ಟಿದೆ ಎಂದು ಮೊದಲ ದಿನವೇ ತಿಳಿಯುತ್ತಿತ್ತು.

ಇನ್ನು ಬಣ್ಣದ ಸಂಗತಿ. ಈ ಪಟ್ಟಿಯಲ್ಲಿ ಹಳದಿ ಎಂಬ ಬಣ್ಣವೇ ಇಲ್ಲ, ಹಸಿರೂ ಕೆಂಪೂ ಕೂಡಿ ಹಳದಿಯಾಗುತ್ತದೆ. ದಾರಿಯಲ್ಲಿ ಕೆಂಪು ಬಿದ್ದುಹೋದರೆ ಉಳಿಯುವುದು ಹಸಿರು. ನೀವು ಅಲ್ಲಿ ಆರಾಮ ಇದ್ದೇನೆ ಎಂದು ಹಳದಿ ಒತ್ತಿದರೆ ನನ್ನ ಕಿಟಕಿಯಲ್ಲಿ ಬಾ ಎಂದು ಹಸಿರು ಬರುತ್ತಿತ್ತು. ಬಾ ಎಂಬುದಕ್ಕೆ ಹಳದಿಯ ಮಗ್ಗುಲಿನ ಬಣ್ಣವನ್ನೇ ಆರಿಸಿದ ನಿಮ್ಮ ಬುದ್ಧಿಗೆ ಏನು ಹೇಳಲಿ? ನೀಲಿ ಇಟ್ಟಿದ್ದರೆ ಈ ಕಾಗದವೇ ಬೇಕಿರಲಿಲ್ಲ.

ಸೋಲಾಪುರದಿಂದ ಮೂರು ತರಹ ತಂದಿಟ್ಟುಕೊಂಡಿದ್ದೇನೆ, ಯಾವುದೂ ಬರೋಬರಿ ಆಗವಲ್ಲದು ಎಂದು ಬರೆದಿದ್ದೀರಿ. ನನ್ನ ದೀಪದಲ್ಲಿ ಇದ್ದದ್ದು ಆ ಸಣ್ಣ ಕೆಂಪು ತುಂಡು, ನಾಲ್ಕು ಟ್ರಾನ್ಸಿಸ್ಟರಿನದು. ಅದು ಕೆಟ್ಟ ವಸ್ತುವಲ್ಲ. ಸಂಕೇತ ಎರಡೂ ಕಡೆ ಹೋಗುತ್ತದೆ, ಉಷ್ಣತೆ ಅಳೆಯುವ ಸೆನ್ಸರಿಗೆ, ಸಣ್ಣ ಪರದೆಗೆ ಕಣ್ಣು ಮುಚ್ಚಿ ಹಾಕಬಹುದು. ಆದರೆ ಅದರ ನಡಿಗೆ ನಿಧಾನ. ಐದರ ತನಕ ಏರುವಷ್ಟರಲ್ಲಿ ಇಳಿಯುವ ಹೊತ್ತಾಗಿರುತ್ತದೆ. ದೀಪದ ಪಟ್ಟಿಗೆ ಸೆಕೆಂಡಿಗೆ ಎಂಟು ಲಕ್ಷ ಸಂಕೇತ ಹೋಗಬೇಕು, ಅದು ಇದರ ಕೈಲಾಗದ ಕೆಲಸ. ತೆಗೆದು ಇಡಿ, ಮುಂದೆ ಬೇರೆಯದಕ್ಕೆ ಆಗುತ್ತದೆ.

ಎರಡನೆಯದು, ದಿಕ್ಕನ್ನು ತಾನೇ ಗುರುತಿಸಿಕೊಳ್ಳುವ ಎಂಟು ದಾರಿಯ ಚಿಪ್. ಅಂಗಡಿಯವನು ಇದನ್ನೇ ಹೊಗಳಿ ಕೊಟ್ಟಿರುತ್ತಾನೆ. ಮಾತು ಈ ಕಡೆಯಿಂದ ಬರುತ್ತಿದೆಯೋ ಆ ಕಡೆಯಿಂದಲೋ ಎಂದು ಇದು ಊಹಿಸುತ್ತದೆ. ತಂತಿ ಗಿಡ್ಡ ಇದ್ದರೆ ಊಹೆ ಸರಿ ಹೋಗುತ್ತದೆ. ತಂತಿ ಉದ್ದವಾದರೆ, ಎರಡೂ ಕಡೆ ಎಳೆತವಿದ್ದರೆ, ಯಾರ ಕಡೆ ಆಗಬೇಕೆಂದು ತಿಳಿಯದೆ ನಡುವೆ ನಿಂತು ನಡುಗುತ್ತದೆ. ನಿಮಗೆ ಇದು ಹಿಡಿಸಿದ್ದರಲ್ಲಿ ನನಗೆ ಆಶ್ಚರ್ಯವಿಲ್ಲ. ಹೋದ ಬೇಸಿಗೆಯಲ್ಲಿ, ಬಂದವರು ಕೂಡುವ ಬೈಠಕ್ ಖೋಲಿಯನ್ನು ನಾನು ಕೇಳಿ ಜಗಳ ನಡೆದಾಗ ನೀವೂ ಹೀಗೇ ನಿಂತಿದ್ದಿರಿ. ನನಗೂ ಹೂಂ ಅಂದಿರಿ, ಅತ್ತೆಯವರಿಗೂ ಹೂಂ ಅಂದಿರಿ.

ಮೂರನೆಯದು 74 ಎಚ್‌ಸಿ 125. ಇಲ್ಲಿ ಮಾತ್ರ ಹತ್ತಿರ ಬಂದಿದ್ದೀರಿ, ಒಂದೇ ಅಕ್ಷರ ಬಿಟ್ಟಿದ್ದೀರಿ. ನಿಮಗೆ ಬೇಕಾದದ್ದು 74 ಎಚ್‌ಸಿಟಿ 125. ಎಚ್‌ಸಿಗೂ ಮೂರೂವರೆಯೇ ಬೇಕು, ಅದೂ ಪಟ್ಟಿಯ ಹಾಗೆ ಅರ್ಧ ಕೇಳುವುದೇ. ಟಿ ಇದ್ದದ್ದಕ್ಕೆ ಎರಡು ವೋಲ್ಟ್ ಸಾಕು, ಅಷ್ಟಕ್ಕೇ ಹೌದು ಎಂದು ತಿಳಿದುಕೊಂಡು ಆ ಕಡೆ ಪೂರಾ ಐದು ಕೊಡುತ್ತದೆ. ಮೆಲ್ಲಗೆ ಆಡಿದರೂ ಕೇಳಿಸಿಕೊಂಡು ಗಟ್ಟಿಯಾಗಿ ಹೇಳುವುದು ಅದರ ಕೆಲಸ. ಅಂಗಡಿಯಲ್ಲಿ ಎರಡೂ ಒಂದೇ ಎಂದರೆ ನಂಬಬೇಡಿ, ಬೆನ್ನ ಮೇಲಿನ ಅಕ್ಷರ ನೀವೇ ಓದಿ. ಇದು ಒಂದೇ ದಿಕ್ಕಿನದು, ಹಿಂದಕ್ಕೆ ಏನೂ ಬರುವುದಿಲ್ಲ. ಆದ್ದರಿಂದ ನನ್ನ ದೀಪಕ್ಕೆ ಒಂದು, ನಿಮ್ಮ ದೀಪಕ್ಕೆ ಇನ್ನೊಂದು ಬೇಕು. ನನ್ನದಕ್ಕೆ ಹಾಕಿ ಆಗಿದೆ, ಈಗ ಹಳದಿ ಹಳದಿಯಾಗಿಯೇ ಕಾಣುತ್ತದೆ. ನಿಮ್ಮದಕ್ಕೆ ಈ ಕಾಗದದ ಜೊತೆ ಡಬ್ಬಿಯಲ್ಲಿ ಕಳಿಸಿದ್ದೇನೆ. ಅದು ಎಲ್ಲಿಂದ ಬಂತೆಂದು ಮುಂದೆ ತಿಳಿಯುತ್ತದೆ.

ಕೂಡಿಸುವಾಗ ಚಿಪ್ಪಿನ ಒಂದನೆಯ ಕಾಲನ್ನು ನೆಲದ ತಂತಿಗೆ, ಅಂದರೆ ಗ್ರೌಂಡಿಗೆ, ಕೊಡಿ, ಇಲ್ಲವಾದರೆ ಬಾಗಿಲು ತೆಗೆಯುವುದಿಲ್ಲ. ಎರಡನೆಯದಕ್ಕೆ ಬೋರ್ಡಿನ ಸಂಕೇತ, ಮೂರನೆಯದರಿಂದ ಪಟ್ಟಿಗೆ. ಉಳಿದ ಮೂರು ದಾರಿಗಳ ಒಳಬರುವ ಕಾಲುಗಳನ್ನೂ ನೆಲಕ್ಕೆ ಕಟ್ಟಿ, ಗಾಳಿಯಲ್ಲಿ ಬಿಡಬೇಡಿ. ಎಲ್ಲಕ್ಕಿಂತ ಮೊದಲು, ಬೋರ್ಡಿನ ನೆಲವೂ ಪಟ್ಟಿಯ ನೆಲವೂ ಒಂದಕ್ಕೊಂದು ಕೂಡಿರಬೇಕು. ನೆಲ ಕೂಡದಿದ್ದರೆ ಎಂಥ ಚಿಪ್ ಹಾಕಿದರೂ ವ್ಯರ್ಥ. ನೀವು ಮರೆಯುವುದು ಇದನ್ನೇ, ಹಿಂದೆಯೂ ಮರೆತಿದ್ದೀರಿ.

ಇನ್ನು ಮಂಗಳವಾರದ ಮಾತು. ಮುಂಜಾನೆ ದೀಪ ಹಸಿರಾಗಿತ್ತು, ಕಾಲೇಜಿಗೆ ರಜೆ ಇತ್ತು, ಅಲ್ಲೇ ಬಿಟ್ಟಿದ್ದ ವೋಲ್ಟ್ ಅಳೆಯುವ ಮಲ್ಟಿಮೀಟರ್ ಕೂಡ ಬೇಕಾಗಿತ್ತು. ಉದಗೀರದಿಂದ ನಿಲಂಗಾಕ್ಕೆ ಒಂದು ಬಸ್ಸು, ಅಲ್ಲಿಂದ ಉಮರಗಾಕ್ಕೆ ಇನ್ನೊಂದು. ನಿಲಂಗಾದಲ್ಲಿ ಬಸ್ಸು ಬಹಳ ಹೊತ್ತು ಬರಲಿಲ್ಲ. ತಿರುಗಿ ಹೋಗಲೇ ಎಂದು ಒಂದು ಸಲ ಅನಿಸಿತು. ಅಷ್ಟರಲ್ಲಿ ಔರಾದ ಶಹಾಜನಿಯ ಸಂತೆಗೆ ಬುಟ್ಟಿ ಹೊತ್ತ ಹೆಂಗಸೊಬ್ಬಳು ನನ್ನ ಸೆರಗಿನ ಮೇಲೆಯೇ ಬುಟ್ಟಿ ಇಟ್ಟು ಕೂತಳು, ಏಳಲು ಆಗಲಿಲ್ಲ. ಹೀಗೆ ಬಂದೆ. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಅದೇ: ನಿಮ್ಮ ಚಿಪ್ ತಪ್ಪು ಹೇಳಿತು, ನಾನು ನಂಬಿದೆ.

ಬಾಗಿಲು ತೆಗೆದವರು ಅತ್ತೆಯವರು. ನಾನು ಮಲ್ಟಿಮೀಟರ್ ಒಯ್ಯಲು ಬಂದಿದ್ದೇನೆ ಎಂದೆ. ಅವರು, ನಿಂದು ಎಲ್ಲಾ ಅಲ್ಲೇ ಅದ, ತಗೋ, ಎಂದು ಕೈ ಮಾಡಿದರು. ಕೈ ಮಾಡಿದ್ದು ಕಪಾಟ ಮೊದಲಿದ್ದ ಮೇಲಿನ ಖೋಲಿಯ ಮೆಟ್ಟಿಲಿಗಲ್ಲ, ಕೆಳಗಿನ ಬೈಠಕಿಗೆ. ರಸ್ತೆಗೆ ಬಾಗಿಲಿರುವ ಆ ಖೋಲಿಯಲ್ಲಿ ಜಂಗಮರು ಬಂದರೆ ಕೂಡುವ ಗೋಡೆಗೆ ಹತ್ತಿ ನನ್ನ ಕಪಾಟ ನಿಂತಿತ್ತು. ಅದರ ಬಾಗಿಲು ತೆಗೆದೆ. ಚಿಪ್ಪಿನ ತಗಡಿನ ಡಬ್ಬಿಗಳು, ತಂತಿಯ ಸುರುಳಿಗಳು, ಬೆಸುಗೆಯ ಕಡ್ಡಿ, ಎಲ್ಲ ನಾನು ಇಟ್ಟ ಹಾಗೇ ಇದ್ದವು. ಪಕ್ಕದಲ್ಲಿ ಮೇಜು, ಮೇಜಿನ ಮೇಲೆ ಹೊಸ ಟ್ಯೂಬ್‌ಲೈಟ್, ಗೋಡೆಯ ತುಂಬ ಹೊಸ ಪ್ಲಗ್ಗುಗಳು, ನೆಲದ ಮೇಲೆ ಮಕ್ಕಳು ಕೂಡುವಂಥ ಎರಡು ಉದ್ದ ಚಾಪೆ.

ನಾನು ಚಾಪೆಯ ಮೇಲೆ ಕೂತೆ. ಅತ್ತೆಯವರು ಚಹಾ ತಂದಿಟ್ಟು ಗೊಣಗಲು ಶುರು ಮಾಡಿದರು. ಬರೂ ಮಂದಿ ಇದರ ಬಾಜೂಕ ಕುಂಡ್ರತಾರ, ಇದೇನ್ರೀ ಅಂತ ಕೇಳ್ತಾರ, ಸೊಸಿಂದು ಅಂತೀನಿ, ಸೊಸಿ ಎಲ್ಲಿ ಅಂತಾರ, ನಾ ಏನ್ ಹೇಳ್ಲಿ? ಕಪಾಟ ಬಂದು ಅರ್ಧ ವರ್ಷ ಆತು, ಕಪಾಟಿನಾಕಿ ಇನ್ನಾ ಬಂದಿಲ್ಲ, ಎಂದರು. ಧೂಳು ಒರೆಸುವವರು ಅವರೇ ಅಂತೆ. ಮಕ್ಕಳಿಗೆ ಸರ್ಕ್ಯೂಟ್ ಕಲಿಸಲು ಬೈಠಕ್ ಕೊಡಿ ಎಂದಾಗ ಮನೆ ಹರಾಜಿಗೆ ಬಂದ ಹಾಗೆ ಕೂಗಿದ್ದವರು ಇವರೇ ಎಂಬುದನ್ನು ನಾನು ಮರೆತಿಲ್ಲ. ಆ ಮಾತಿಗೇ ಅಲ್ಲವೇ ನಾನು ಇಲ್ಲಿನ ಕಾಲೇಜಿನ ಪ್ರಯೋಗಶಾಲೆಯ ಕೆಲಸ ಹಿಡಿದು ಹೊರಟದ್ದು. ಆದರೂ ಒರೆಸಿದ್ದಾರೆ, ಡಬ್ಬಿಗಳ ಮೇಲೆ ಬೆರಳಿಗೆ ಹತ್ತುವಷ್ಟೂ ಧೂಳಿರಲಿಲ್ಲ.

ಶ್ರಾವಣದಲ್ಲಿ ನೀವು ಫೋನಿಗೆ ಮರಾಠಿಯಲ್ಲಿ ಒಂದು ಸಾಲು ಬರೆದಿರಿ: ತುಝಂ ಕಪಾಟ ಖಾಲಿ ಕೇಲಂ. ಪ್ರಯೋಗಶಾಲೆಯಲ್ಲಿ ನಿಂತು ಓದಿದೆ. ನನಗೆ ಖಾಲಿ ಅಂದರೆ ಖಾಲಿ. ಡಬ್ಬಿ ಖಾಲಿ, ಜೇಬು ಖಾಲಿ, ಅಂಥ ಖಾಲಿ. ನಿನ್ನ ಕಪಾಟ ಖಾಲಿ ಮಾಡಿದ್ದೇನೆ, ಇನ್ನು ನಿನಗೆ ಇಲ್ಲಿ ಜಾಗವಿಲ್ಲ ಎಂದು ಓದಿಕೊಂಡೆ. ಉತ್ತರ ಕೊಡಲಿಲ್ಲ. ಅಂಥ ಸಾಲಿಗೆ ಏನೆಂದು ಉತ್ತರ ಕೊಡುವುದು?

ಮರಾಠಿಯ ಖಾಲಿ ಅಂದರೆ ಕೆಳಗೆ ಎಂದು ನನಗೆ ಗೊತ್ತಿಲ್ಲವೆಂದಲ್ಲ. ಆದರೆ ಮರಾಠಿಯವರಾಗಿದ್ದರೆ ಖಾಲಿ ಆಣಲಂ, ಕೆಳಗೆ ತಂದೆ, ಎಂದು ಬರೆಯುತ್ತಿದ್ದರು. ನೀವು ತಲೆಯೊಳಗೆ ಕನ್ನಡದಲ್ಲಿ ಕಪಾಟ ಕೆಳಗ ಮಾಡೀನಿ ಅಂದುಕೊಂಡಿರಿ, ಅದನ್ನೇ ಪದಕ್ಕೆ ಪದ ಮರಾಠಿಗೆ ಹಾಕಿದಿರಿ. ಖಾಲಿ ಕೇಲಂ ಎಂದರೆ ಮರಾಠಿಯವರೂ ಖಾಲಿ ಮಾಡಿದೆ ಎಂದೇ ಓದುತ್ತಾರೆ. ನಿಮ್ಮ ಕನ್ನಡ ಚೆನ್ನಾಗಿದೆ, ಮರಾಠಿ ಚೆನ್ನಾಗಿದೆ, ಎರಡರ ನಡುವೆ ಮಾತ್ರ ಚಿಪ್ ಹಾಕಿಲ್ಲ. ಜಗಳದಲ್ಲಿ ನಾನು ಗೆದ್ದೆ ಎಂಬ ಸುದ್ದಿಯನ್ನು ನೀವು ಕಳಿಸಿದಿರಿ, ನನ್ನನ್ನು ಹೊರಗೆ ಹಾಕಿದಿರಿ ಎಂದು ನಾನು ಓದಿದೆ.

ಆ ಚಾಪೆಯ ಮೇಲೆ ಕೂತು ನಗು ಬರಬೇಕಿತ್ತು. ಬಂದದ್ದು ಸಿಟ್ಟು. ನನ್ನಿಂದ ಉತ್ತರ ಬಾರದಿದ್ದಾಗ ಒಮ್ಮೆ ಫೋನ್ ಮಾಡಿ, ಏನೇ, ಬೈಠಕ್ ಬೇಡವೇ, ಎಂದು ಕೇಳಲು ನಿಮಗೇನಾಗಿತ್ತು? ಅತ್ತೆಯವರನ್ನು ಹೇಗೆ ಒಪ್ಪಿಸಿದಿರೋ ಗೊತ್ತಿಲ್ಲ, ಅಷ್ಟು ದೊಡ್ಡ ಕೆಲಸ ಮಾಡಿದವರು ಇಷ್ಟು ಸಣ್ಣದನ್ನು ಮಾಡಲಿಲ್ಲ. ನಾನೂ ಕೇಳಲಿಲ್ಲ, ಅದು ಬೇರೆ. ನಿಮ್ಮ ಮೇಲೆ ಸಿಟ್ಟಾಗುವ ಸರದಿ ಈಗ ನನ್ನದು.

ಹೊರಡುವಾಗ ಅತ್ತೆಯವರು ನಿಮ್ಮ ದೀಪ ತೋರಿಸಿದರು. ದಿನಾ ಮುಂಜಾನಿ ಅಂಗಡಿಗಿ ಹೋಗೂಮುಂದ ಹಳದಿ ಒತ್ತತಾನ, ಹಸಿರಿನ ಕಡಿ ಕೈ ಒಯ್ತಾನ, ತಿರುಗಿ ತರ್ತಾನ, ಎಂದರು. ಅಂದರೆ ನೀವು ಒಂದು ದಿನವೂ ಹಸಿರು ಒತ್ತಿಲ್ಲ. ನೀವು ಬರುವ ತನಕ ಕೂಡು ಎಂದು ಅವರು ಹೇಳಿದರು, ನಾನು ಬಸ್ಸು ತಪ್ಪುತ್ತದೆ ಎಂದೆ. ಬಸ್ಸು ತಪ್ಪುತ್ತಿರಲಿಲ್ಲ. ಸಿಟ್ಟಿನ ಮೋರೆಯಲ್ಲಿ ನಿಮ್ಮನ್ನು ಭೆಟ್ಟಿಯಾಗಲು ಮನಸ್ಸಾಗಲಿಲ್ಲ, ಅಷ್ಟೇ. ಮಲ್ಟಿಮೀಟರಿನ ಜೊತೆ ಕಪಾಟಿನ ಮೂರನೆಯ ಹಲಗೆಯ ಮೇಲಿನ ಡಬ್ಬಿಯಿಂದ ಒಂದು ಚಿಪ್ ತೆಗೆದುಕೊಂಡು ಬಂದೆ, 74 ಎಚ್‌ಸಿಟಿ 125. ನಿಮಗೆ ಕಳಿಸಿರುವುದು ಅದೇ. ನೀವು ಸೋಲಾಪುರದ ತನಕ ಹೋಗಿ ಹುಡುಕಿದ ವಸ್ತು ಬೈಠಕಿನಲ್ಲೇ ಇತ್ತು. ಯಾರೂ ಮುಟ್ಟಬ್ಯಾಡ್ರಿ ಎಂದು ಮಂದಿಗೆ ಹೇಳಿದ್ದಿರಂತೆ, ನೀವೂ ಮುಟ್ಟದೆ ಕೂತಿರಿ.

ಚಿಪ್ ಹಾಕಿ ನೋಡಿ, ಆದದ್ದನ್ನು ತಿಳಿಸಿ. ಅತ್ತೆಯವರಿಗೆ ನನ್ನ ಶರಣಾರ್ಥಿ ಹೇಳಿ. ಚಹಾಕ್ಕೆ ಶುಂಠಿ ಹಾಕಿದ್ದು ನನಗೆ ತಿಳಿಯಿತು ಎಂದೂ ಹೇಳಿ.

ನಿಮ್ಮ
ಸುಗಂಧಾ

ತಾ.ಕ.: ಮೇಲೆ ಒಂದು ಕಡೆ ಸುಳ್ಳು ಬರೆದಿದ್ದೇನೆ, ಹರಿದು ಮತ್ತೆ ಬರೆಯಲು ಬೇಜಾರು. ನನ್ನ ದೀಪಕ್ಕೆ ಸರಿಯಾದ ಚಿಪ್ ಹಾಕಿದ್ದು ಭಾನುವಾರ, ಇಲ್ಲಿನ ಅಂಗಡಿಯಲ್ಲಿ ಕೊಂಡು. ಅಲ್ಲಿಂದ ಮುಂದೆ ಅದು ಒಂದು ಸಲವೂ ತಪ್ಪು ಹೇಳಿಲ್ಲ. ಇಷ್ಟು ದಿನ ಬಂದ ಹಸಿರೆಲ್ಲ ಬರೀ ಹಳದಿ ಎಂದು ಆವತ್ತೇ ತಿಳಿಯಿತು, ತಿಳಿದು ಊಟ ಸೇರಲಿಲ್ಲ. ಸೋಮವಾರ ಹಳದಿ. ಮಂಗಳವಾರ ಮುಂಜಾನೆ ಕೂಡ ಅಪ್ಪಟ ಹಳದಿ. ಕಾಲೇಜಿಗೆ ರಜೆಯೂ ಇರಲಿಲ್ಲ. ಕಪಾಟ ಖಾಲಿಯಾಗಿದೆ ಎಂದೇ ತಿಳಿದುಕೊಂಡು, ಯಾರೂ ಕರೆಯದೆ, ನಾನಾಗಿಯೇ ಬಸ್ಸು ಹತ್ತಿ ಬಂದೆ. ನಿಮ್ಮ ದೀಪಕ್ಕೆ ಚಿಪ್ ಹಾಕಿದ ಮೇಲೆ ಒಂದು ಹಸಿರು ಬರುತ್ತದೆ, ಅದು ತಂತಿಯ ತಪ್ಪಲ್ಲ, ನಾನು ಒತ್ತಿದ್ದು. ಬರುವಾಗ ಖಾಲಿ ಗೋಣಿಚೀಲ ತನ್ನಿ, ಪುಸ್ತಕ ಬಹಳ ಆಗಿವೆ. ಎಪ್ರಿಲಿನಲ್ಲಿ ಪರೀಕ್ಷೆ ಮುಗಿದ ಕೂಡಲೇ ಖೋಲಿ ಖಾಲಿ ಮಾಡುತ್ತೇನೆಂದು ಪ್ರೇಮಾಬಾಯಿಯವರಿಗೆ ಹೇಳಿಬಿಟ್ಟಿದ್ದೇನೆ. ಇದು ಕನ್ನಡದ ಖಾಲಿ.